ಚುಕ್ಕೆ ಬಿದ್ದ ತೆನೆಗಳು

ಲ್ಯಾಬಿನ ಹಿಂದೆ ಗೋವಿನಜೋಳದ ತೆನೆಗಳು ಉರಿಯುತ್ತಿದ್ದವು. ವರ್ಣತಂತುವಿನಲ್ಲಿ ಜಾಗ ಬದಲಿಸುವ ‘ಜಿಗಿಯುವ ಜೀನ್’ಗಳಿಂದಾಗಿ ಇದರ ಕಾಳಿನ ಮೇಲೆ ಚುಕ್ಕೆಗಳು ಬೀಳುತ್ತವೆ. ಪೀಳಿಗೆಯಿಂದ ಪೀಳಿಗೆಗೆ ಆ ಚುಕ್ಕೆಗಳು ಕಡಿಮೆಯಾಗಬೇಕು ಎಂದು ಉಮಾಪತಿಯ ಗಣಿತದ ಮಾದರಿ ಹೇಳಿತ್ತು. ಅದು ನಿಜವೆಂದು ತೋರಿಸಲು ಅವನ ಬಳಿ ಇದ್ದದ್ದು ಅವನಿನ್ನೂ ಎಣಿಸಿರದ ಈ ತೆನೆಗಳು ಮಾತ್ರ. ಮರುದಿನ ಅವನ ಪಿಎಚ್.ಡಿ. ವೈವಾ.

ಬೆಂಕಿ ಹಚ್ಚಿದ್ದ ಜೂನಿಯರ್ ನಿಂಗರಾಜನನ್ನು ಉಮಾಪತಿ ಗೋಡೆಗೆ ಒತ್ತಿ ಮುಖಕ್ಕೆ ಗುದ್ದಿದ. ಹುಡುಗನ ಮೂಗಿನಿಂದ ರಕ್ತ ಇಳಿಯಿತು.

“ಯಾರ ಮಾತು ಕೇಳಿ ಸುಟ್ಟಿಲೇ ಮಗನ?”

“ಯಾರೂ ಹೇಳಿಲ್ರಿ ಅಣ್ಣಾ. ನಾನ ಎಣಿಸಿ ನೋಡೇನಿ. ಚುಕ್ಕಿ ಕಡಿಮಿ ಆಗಿಲ್ಲ, ಹೆಚ್ಚಾಗ್ಯಾವ. ನಾಳೆ ಪರೀಕ್ಷಕರು ನೋಡಿದ್ರ ನಿಮ್ಮ ಮಾಡೆಲ್ ಸುಳ್ಳಾಗ್ತಿತ್ತು.”

ಎತ್ತಿದ ಕೈ ಅಲ್ಲೇ ನಿಂತಿತು.

“ಎಲ್ಲಾ ಸುಟ್ಟಿಯೇನ್ಲೇ?”

“ಒಂದು ಉಳಿಸೇನ್ರಿ. ಎಷ್ಟಾದ್ರೂ ನೀವ ಬೆಳದದ್ದಲ್ಲೇನು, ಮನಸ್ಸು ಬರ್ಲಿಲ್ಲ.”

ನಿಂಗರಾಜ ಚೀಲದಿಂದ ತೆನೆ ತೆಗೆದುಕೊಟ್ಟ. ಉಮಾಪತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಾಳುಗಳ ತುಂಬ ಚುಕ್ಕೆ. ಅದನ್ನು ಬೆಂಕಿಗೆಸೆದು, ನಿಂಗರಾಜನ ಒಡೆದ ಮೂಗಿಗೇ ಮತ್ತೊಮ್ಮೆ ಗುದ್ದಿದ.

“ಇದನ್ಯಾಕ ಉಳಿಸಿದಿಲೇ?”