ಹಲ್ಲುನೋವಿನ ಬೆಂಚು

"ಹಲ್ಲಿನ ಡಾಕ್ಟರು ಇವತ್ತ ಬರಂಗಿಲ್ಲ. ಹಲ್ಲಿನವರು ಎದ್ದ ಹೋಗ್ರಿ!" ಎಂದು ಕಂಪೌಂಡರ್ ಕೂಗಿದ. ಸಿಂದಗಿಯ ಆ ದವಾಖಾನೆಯ ಬೆಂಚಿನಿಂದ ಒಬ್ಬರೂ ಏಳಲಿಲ್ಲ. ಕೆನ್ನೆ ಹಿಡಿದವರು ಹಿಡಿದುಕೊಂಡೇ ಕೂತರು.

ದವಡೆಗೆ ಟವೆಲು ಬಿಗಿದುಕೊಂಡಿದ್ದ ಮೋರಟಗಿಯ ಮಡಿವಾಳಪ್ಪ ಕಣ್ಣರಳಿಸಿದ. ಪಡಸಾಲೆ ಒಂದೇ, ಬಾಗಿಲು ಎರಡು. ಒಂದು ಹಲ್ಲಿನವರದು, ಇನ್ನೊಂದು ಮಂಗಳವಾರಕ್ಕೊಮ್ಮೆ ವಿಜಾಪುರದಿಂದ ಬಂದು ಕುಡಿತ ಬಿಡಿಸುವ ಮನೋವೈದ್ಯರದು. ಊರವರು ಕಂಡರೆ ಆಡಿಕೊಂಡಾರೆಂದು ಅವನು ಹಲ್ಲುನೋವಿನ ಸೋಗು ಹಾಕಿದ್ದ. ಈಗ ಎದ್ದರೆ ಕಾಲು ನೇರ ಶೆರೆ ಅಂಗಡಿಗೇ ಒಯ್ಯುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಇವರೆಲ್ಲ ಯಾಕೆ ಏಳುತ್ತಿಲ್ಲ? ಬೆಂಚಿನ ತುದಿಯಲ್ಲಿ ತಮ್ಮೂರ ಶಾಲೆಯ ಹೆಡ್‌ಮಾಸ್ತರರೂ ಕೆನ್ನೆ ಹಿಡಿದು ಕೂತಿದ್ದರು!

ಮಡಿವಾಳಪ್ಪನಿಗೆ ನಗು ತಡೆಯಲಾಗಲಿಲ್ಲ. ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎದ್ದುನಿಂತ.

"ನನ್ನ ಹಲ್ಲ ಕಬ್ಬ ಸುಲಿಯುವಷ್ಟ ಗಟ್ಟಿ ಅದಾವ್ರಿ. ನಾ ಶೆರೆ ಬಿಡಾಕ ಬಂದೇನಿ. ಒಳಗ ಕಳಸ್ರಿ ನನ್ನ."

ಬೆಂಚಿನ ಉದ್ದಕ್ಕೂ ಕೆನ್ನೆಗಳಿಂದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಏ ಮಡಿವಾಳಪ್ಪ, ಪಾಳಿ ತಪ್ಪಸಬ್ಯಾಡೋ," ಎಂದರು ಹೆಡ್‌ಮಾಸ್ತರರು. "ನಿನಕಿಂತ ಮೊದಲ ನಾ ಬಂದೇನಿ."