ಕಡಲಿನ ಬಸ್ಸು

ನಿವೃತ್ತಿಯ ದಿನ ಬೆಳಿಗ್ಗೆ ಡಿಪೋ ಮ್ಯಾನೇಜರು ಡ್ರೈವರಕ್ಕನ ಕೈಗೆ ಅವಳದೇ ಫೋಟೋ ಕೊಟ್ಟರು. ಗಾಜು ಹಾಕಿಸಿ, ಕೆಳಗೆ 'ನಮ್ಮ ಮೊದಲ ಮಹಿಳಾ ಚಾಲಕಿ' ಎಂದು ಬರೆಸಿದ್ದರು.

"ಇದನ್ನ ಎಲ್ಲಿ ಹಾಕ್ತೀವಿ ಗೊತ್ತಾ ಅಕ್ಕ? ಕಡಲ ರೂಟಿನ ಕೊನೇ ಸ್ಟಾಪಲ್ಲಿ, ಡ್ರೈವರುಗಳು ಮಲಗೋ ಕೋಣೇಲಿ. ಕಿಟಕಿ ತೆಗೆದ್ರೆ ಎದುರಿಗೇ ಸಮುದ್ರ."

ಅಕ್ಕ ಫೋಟೋದಿಂದ ತಲೆಯೆತ್ತಿದಳು. ಬೆಳಿಗ್ಗೆ ಹೊರಟು ಸಂಜೆಗೆ ಕಡಲು ಮುಟ್ಟುವ ಆ ಬಸ್ಸನ್ನು ಒಂದು ಸಲವಾದರೂ ಓಡಿಸಬೇಕೆಂದು ಅವಳು ಕೇಳದ ಮ್ಯಾನೇಜರಿಲ್ಲ. ಎಲ್ಲರದೂ ಒಂದೇ ಉತ್ತರ: ರಾತ್ರಿ ಅಲ್ಲೇ ಉಳಿಯಬೇಕು, ಇರುವುದು ಗಂಡಸರ ಕೋಣೆಯೊಂದೇ. ಹೀಗಾಗಿ ಅವಳಿಗೆ ಡಿಪೋದಿಂದ ಮಾರುಕಟ್ಟೆ, ಮಾರುಕಟ್ಟೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮತ್ತೆ ಡಿಪೋ. ಗಾಣದ ಎತ್ತಾದರೂ ಸಂಜೆ ಬಿಚ್ಚಿದ ಮೇಲೆ ನೆಟ್ಟಗೆ ನಡೆಯುತ್ತದೆ. "ಟಿಕೆಟ್ ತಗೊಂಡು ಹೋಗಿ ನೋಡ್ಕೊಂಡು ಬಾ" ಎಂದಿದ್ದ ಗಂಡ. ಸ್ಟೀರಿಂಗ್ ಹಿಡಿದು ಕೊನೆಯ ತಿರುವು ತಿರುಗಿಸಿದಾಗ ಕಾಣುವ ಕಡಲು ಟಿಕೆಟ್ಟಿಗೆ ಸಿಗುತ್ತದೆಯೇ?

ಬಾಗಿಲ ಹತ್ತಿರ ಹೊಸ ಡ್ರೈವರ್ ಹುಡುಗಿ ನಿಂತಿದ್ದಳು. ಅವಳೂ ಅದೇ ರೂಟು ಕೇಳಿದ್ದಳು.

"ಇವಳಿಗೇನಂದ್ರಿ ಸಾರ್?" ಅಕ್ಕ ಕೇಳಿದಳು.

"ಏನು ಮಾಡ್ಲಿ ಅಕ್ಕ? ಅಲ್ಲಿ ಹೆಂಗಸರಿಗೆ ಜಾಗ ಇಲ್ವಲ್ಲ."

"ನನ್ನ ಫೋಟೋಗೆ ಸಿಕ್ತಲ್ಲ?"

ಮ್ಯಾನೇಜರು ನಕ್ಕರು. ಜೊತೆಗೆ ಯಾರೂ ನಗದಿದ್ದಾಗ ಮೇಜಿನ ಮೇಲಿದ್ದ ಪೆನ್ನನ್ನು ಸರಿಮಾಡಿಟ್ಟರು. "ಮೇಲಿನವರಿಗೆ ಬರೆದಿದೀನಿ. ಇನ್ನೊಂದು ಕೋಣೆ ಕಟ್ಟಿಸ್ತಾರಂತೆ, ನೋಡೋಣ."

"ನಾನು ಸೇರಿದಾಗ್ಲೂ 'ನೋಡೋಣ' ಅಂದಿದ್ರು. ಮೂಗಿಗೆ ತುಪ್ಪ ಸವರಿದ್ದು ಸಾಕು ಸಾರ್, ವಾಸನೆ ಹಿಡ್ದು ಹಿಡ್ದೇ ನನಗೆ ವಯಸ್ಸಾಯ್ತು."

ಹಾಗೆಂದರೂ ಅವಳ ಕಣ್ಣು ತುಂಬಿತ್ತು. ಹೊರಗೆ ಕಡಲಿನ ಬಸ್ಸು ಹೊರಡಲು ಸಿದ್ಧವಾಗಿ ಗುರುಗುಡುತ್ತಿತ್ತು. ಅದರ ಡ್ರೈವರ್ ಒಳಗೆ ಬಂದು ಫೋಟೋಗೆ ಕೈಚಾಚಿದ.

"ಕೊಡಿ ಅಕ್ಕ, ಸಂಜೆಗೆಲ್ಲ ಗೋಡೆ ಮೇಲಿರುತ್ತೆ."

ಅಕ್ಕ ಕೊಡಲಿಲ್ಲ. ಗಾಜಿನ ಮೇಲಿನ ಬೆರಳ ಗುರುತನ್ನು ಅಂಗೈಯಿಂದ ಒರೆಸಿ, ಫೋಟೋವನ್ನು ಹುಡುಗಿಯ ಕೈಗಿಟ್ಟಳು.

"ಆ ಬಸ್ಸನ್ನ ನೀನೇ ಓಡಿಸ್ಕೊಂಡು ಹೋಗಿ ಹಾಕು ಮಗಳೇ. ಅಲ್ಲೀವರೆಗೂ ಇದು ನಿನ್ನ ಮನೇಲೇ ಇರ್ಲಿ."

ಬಾಗಿಲು ದಾಟಿದವಳು ಮತ್ತೆ ತಿರುಗಿದಳು.

"ಕಿಟಕಿಗೆ ಎದುರಾಗಿ ಹಾಕು. ನಾನು ನೋಡ್ಬೇಕು."