ಬಾರದವರ ಲೆಕ್ಕ

ಜೀಪು ಗಂಗಾಪುರ ದಾಟಿದರೂ ಶಿಕ್ಷಕಿ ಮಲಕವ್ವ ತನ್ನ ತಪ್ಪು ಒಪ್ಪಿಕೊಂಡಿರಲಿಲ್ಲ.

"ಮಕ್ಕಳಿಗೆ ಜ್ವರ ಬರ್ತಾವ್ರಿ ಸರ್. ಅವ್ವ ಕೆಲಸಕ್ಕ ಹೋದ್ರ ಸಣ್ಣ ತಮ್ಮನ್ನ ಹೊತ್ಕೊಂಡು ಮನ್ಯಾಗ ಕೂಡಬೇಕಾಗ್ತದ. ಬರಲಿಲ್ಲ ಅಂದ್ರ ಬರಲಿಲ್ಲ ಅಂತ ಖರೇನ ಬರದು ಕಳಸ್ತೀನಿ. ಅದರಾಗ ನಂದೇನು ತಪ್ಪರಿ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜಯಂತ ಮನಸ್ಸಿನಲ್ಲೇ ನಕ್ಕ.

"ವಾಳೂಜ್ ಸಾಲ್ಯಾಗ ಇರೂವೂ ಮಕ್ಕಳ ಅಲ್ಲೇನ್ರಿ ಬಾಯಾರ? ಅವಕ್ಕ ಜ್ವರ ಬರೂದಿಲ್ಲೇನು?"

ಮಲಕವ್ವ ಕಿಟಕಿಯ ಆಚೆ ನೋಡುತ್ತಾ ಕುಳಿತಳು.

ಜಯಂತ ಕೆಟ್ಟವನೇನಲ್ಲ. ಧಾರವಾಡದಿಂದ ವರ್ಗವಾಗಿ ನಾಶಿಕಕ್ಕೆ ಬಂದ ಬ್ಯಾಂಕ್ ಮ್ಯಾನೇಜರರ ಮಗ. ಪುಣೆಯ ಕಂಪನಿಯ ದೊಡ್ಡ ಸಂಬಳ ಬಿಟ್ಟು, ಕರ್ನಾಟಕದಿಂದ ದುಡಿಯಲು ಬಂದ ಕೂಲಿಕಾರರ ಮಕ್ಕಳಿಗೆ ಕನ್ನಡ ಸಾಲೆ ನಡೆಸುವ ಒಂದು ಸೇವಾಸಂಸ್ಥೆಗೆ ಹಿರಿಯ ಡೇಟಾ ಎಂಜಿನಿಯರ್ ಆಗಿ ಸೇರಿದ್ದ. ಕಟ್ಟಡ ಏಳುವಲ್ಲಿ, ಕಾರ್ಖಾನೆಗಳ ಬೆನ್ನಿಗೆ, ತಗಡಿನ ಶೆಡ್ಡಿನಲ್ಲಿ ನಡೆಯುವ ಸಾಲೆಗಳು. ಅವುಗಳ ಹಾಜರಿಯೆಲ್ಲ ಅವನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು.

ಮೊದಲು ಶಿಕ್ಷಕಿಯರು ದಿನಾ ಎಲ್ಲ ಮಕ್ಕಳ ಹೆಸರು ಕಳಿಸಬೇಕಿತ್ತು. ಅರ್ಧ ಪಾಠ ಅದರಲ್ಲೇ ಮುಗಿಯುತ್ತಿತ್ತು. ಜಯಂತನಿಗೆ ಕರುಣೆ ಬಂತು. ಬಂದವರನ್ನು ಎಣಿಸಿ ಏನು ಮಾಡುವುದು, ಬಾರದವರ ಹೆಸರಷ್ಟೇ ಮೊಬೈಲಿನಿಂದ ಕಳಿಸಿ ಸಾಕು ಎಂದ. ಹೆಸರು ಬಾರದಿದ್ದರೆ ಎಲ್ಲರೂ ಹಾಜರೆಂದು ಕಂಪ್ಯೂಟರೇ ಬರೆದುಕೊಳ್ಳುವಂತೆ ಮಾಡಿದ. ಶಿಕ್ಷಕಿಯರು ಹರಸಿದರು. ಟ್ರಸ್ಟಿಗಳು ಚಪ್ಪಾಳೆ ತಟ್ಟಿದರು.

ಆ ವರ್ಷ, ಅಂದರೆ ಎರಡು ಸಾವಿರದ ಹದಿಮೂರರಲ್ಲಿ, ಹಾಜರಿಯಲ್ಲಿ ಎಲ್ಲ ಸಾಲೆಗಳ ಪೈಕಿ ಕಟ್ಟಕಡೆಗೆ ನಿಂತದ್ದು ನಾಶಿಕದ ಅಂಬಡ್. ಮಲಕವ್ವನದು. ಮೊದಲಿಗೆ ನಿಂತದ್ದು ಔರಂಗಾಬಾದಿನ ಪಕ್ಕದ ವಾಳೂಜ್. ಕಾಶಿಬಾಯಿಯದು. ಅಲ್ಲಿ ನೂರಕ್ಕೆ ನೂರು, ಒಂದು ದಿನವೂ ಇಳಿದಿರಲಿಲ್ಲ.

ಕಾಶಿಬಾಯಿಯನ್ನು ಜಯಂತ ಕಂಡಿರಲಿಲ್ಲ, ಆದರೂ ಅವಳ ಮೇಲೆ ಅವನಿಗೆ ಭಕ್ತಿ ಹುಟ್ಟಿತ್ತು. ಪಾಟಿ ಬೇಕು, ಔಷಧ ಬೇಕು ಎಂದು ಅವಳು ಪೀಡಿಸಿದವಳಲ್ಲ. ಸಂಬಳ ಕಟ್ಟಡದ ಗುತ್ತಿಗೆದಾರನೇ ಕೊಡುತ್ತಿದ್ದುದರಿಂದ ಆ ತಕರಾರೂ ಇರಲಿಲ್ಲ. ಸನ್ಮಾನದ ವಿಷಯ ತಿಳಿಸೋಣವೆಂದು ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್. ಪಾಠದ ಹೊತ್ತಿನಲ್ಲಿ ಫೋನ್ ಮುಟ್ಟದ ಇಂಥ ಶಿಕ್ಷಕಿ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ, ನೀವೇ ಹೇಳಿ.

ಅಂಬಡ್ ಸಾಲೆಯನ್ನು ತಿಂಗಳ ಕೊನೆಗೆ ಮುಚ್ಚುವುದೆಂದು ತೀರ್ಮಾನವಾಗಿತ್ತು. ಒಮ್ಮೆ ವಾಳೂಜ್ ತೋರಿಸಿಕೊಂಡು ಬರುತ್ತೇನೆ, ನೋಡಿಯಾದರೂ ಕಲಿಯಲಿ ಎಂದು ನಿರ್ದೇಶಕಿ ಮಂದಾಕಿನಿಬಾಯಿಯ ಕೈಕಾಲು ಹಿಡಿದವನೂ ಜಯಂತನೇ. ಕಾಶಿಬಾಯಿಗೆಂದು ತಂದ ಶಾಲು, ತೆಂಗಿನಕಾಯಿ ಅವನ ತೊಡೆಯ ಮೇಲಿದ್ದವು.

"ಸಾಲಿ ಮುಚ್ಚಿದ್ರ ಮಕ್ಕಳು ಎಲ್ಲಿ ಹೋಗಬೇಕ್ರಿ ಸರ್?" ಎಂದಳು ಮಲಕವ್ವ. "ಮರಾಠಿ ಸಾಲ್ಯಾಗ ಇವಕ್ಕ ಒಂದಕ್ಷರ ತಿಳಿಯಂಗಿಲ್ಲ. ಮೈಲಾರಿ ಮೊನ್ನೆ ಮೊನ್ನೆ ತನ್ನ ಹೆಸರು ಬರಿಯಾಕ ಕಲ್ತಾನ. ಮತ್ತ ಇಟ್ಟಂಗಿ ಹೊರಾಕ ಹಚ್ತಾರ ನೋಡ್ರಿ."

ಜಯಂತನಿಗೂ ಮರುಕ ಹುಟ್ಟಿತು. ಆದರೆ ಅಂಕಿ ಅಂಕಿಯೇ.

"ಕಾಶಿಬಾಯಿ ಹೆಂಗ ನಡಸ್ತಾರ ಅಂತ ನೋಡ್ರಿ. ಅಷ್ಟ ಮಾಡಿದ್ರ ಸಾಕು," ಎಂದ.

ವಾಳೂಜಿನ ವಿಳಾಸದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿತ್ತು. ಹೊಸ ಬಣ್ಣ, ಬಾಲ್ಕನಿಯಲ್ಲಿ ತುಳಸಿ, ಒಣಗಲು ಹಾಕಿದ ಸೀರೆಗಳು. ಮಲಕವ್ವ ಕಿವಿಗೊಟ್ಟು ಕೇಳಿದಳು.

"ಮಕ್ಕಳ ಸಪ್ಪಳನ ಇಲ್ಲಲ್ರೀ ಸರ್."

"ಶಿಸ್ತು ಅಂದ್ರ ಇದು ನೋಡ್ರಿ."

ಗೇಟಿನ ಕಾವಲುಗಾರ ಭುಜಂಗ ಆಳಂದದ ಕಡೆಯವನು. ಕನ್ನಡ ಕಿವಿಗೆ ಬಿದ್ದದ್ದೇ ಎದ್ದು ಬಂದ. ಕಾಶಿಬಾಯಿಯ ಸಾಲೆ ಎಲ್ಲಿ ಎಂದು ಜಯಂತ ಕೇಳಿದಾಗ ಶಾಲನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದ.

"ಯಾವ ಸಾಲಿ ಸಾಹೇಬ್ರ? ಬಿಲ್ಡಿಂಗ್ ಮುಗೀತು, ಕೆಲಸದ ಮಂದಿ ಗಂಟುಮೂಟಿ ಕಟ್ಕೊಂಡು ಹೋದ್ರು. ಮಕ್ಕಳೂ ಹೋದ್ವು, ಬಾಯಾರೂ ಹೋದ್ರು. ವರ್ಷದ ಮ್ಯಾಲ ಆತು. ಸಾಲಿ ಇದ್ದಲ್ಲಿ ಈಗ ಸ್ಕೂಟರ್ ನಿಲ್ಲಸ್ತಾರ್ರಿ."

ಜಯಂತ ಆ ಸ್ಕೂಟರುಗಳನ್ನು ನೋಡಿದ. ಇಡೀ ವರ್ಷ ಅಲ್ಲಿಂದ ಒಬ್ಬರ ಹೆಸರೂ ಬಂದಿರಲಿಲ್ಲ. ಕಳಿಸುವವರು ಇದ್ದರೆ ತಾನೇ? ಅವನು ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಮಲಕವ್ವನ ಮುಖ ನೋಡಲು ನಾಚಿಕೆಯಾಯಿತು.

ಆದರೆ ಅವಳಿಗೆ ಗೆದ್ದೆನೆಂಬ ಹಿಗ್ಗೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳ ಚಿಂತೆಯೇ ಬೇರೆ.

"ಲಗೂನ ಹೊಳ್ಳೂಣ್ರಿ ಸರ್. ನೀವು ನಸುಕಿನ್ಯಾಗ ಬಂದು ಕರದ್ರಿ, ಗಡಿಬಿಡ್ಯಾಗ ಯಾರಿಗೂ ಸೂಟಿ ಅಂತ ಹೇಳಾಕ ಆಗಲಿಲ್ಲ. ಸಾಲಿಗೆ ಕೀಲಿ ಹಾಕೇನಿ. ಮಕ್ಕಳು ಬಂದು, ನೋಡಿ, ಹೊಳ್ಳಿ ಹೋಗಿರ್ತಾವ. ಒಂದೂ ಇರಂಗಿಲ್ಲ."

ಜಯಂತನ ಫೋನ್ ರಿಂಗಾಯಿತು. ನಾಶಿಕದ ಕಚೇರಿಯಿಂದ ಮಂದಾಕಿನಿಬಾಯಿ. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು.

"ಏನು ಮಾಡಿದ್ರಿ ಜಯಂತ? ಅಂಬಡ್ ಇವತ್ತ ಮೊದಲನೇ ಸಲ ನೂರಕ್ಕ ನೂರು! ಆ ಸಾಲಿ ಮುಚ್ಚೂದು ಬ್ಯಾಡಂತ ಈಗ ಟ್ರಸ್ಟಿಗಳಿಗೆ ಹೇಳಿಬಿಟ್ಟೆ."